ಡಿಸ್ಟ್ರಿಕ್ಟ್ ಸಿಕ್ಸ್ ಉತ್ಖನನ

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ವರ್ಣಭೇದದ ಸರಕಾರ ನೆಲಸಮ ಮಾಡಿದ ಬಡಾವಣೆಯಲ್ಲಿ ನಡೆದ ಪುರಾತತ್ವ ಕೆಲಸ. 1867ರಲ್ಲಿ ನಗರದ ಆರನೆಯ ವಿಭಾಗವೆಂದು ಹೆಸರಾದ ಈ ಪ್ರದೇಶದಲ್ಲಿ ಬಿಡುಗಡೆಗೊಂಡ ಗುಲಾಮರ ಸಂತತಿಯವರು, ಕುಶಲಕರ್ಮಿಗಳು, ವ್ಯಾಪಾರಿಗಳು, ವಲಸೆ ಬಂದವರು ಒಟ್ಟಿಗೆ ನೆಲೆಸಿದ್ದರು. 1966ರ ಫೆಬ್ರವರಿ 11ರಂದು ಇದನ್ನು ಬಿಳಿಯರ ಪ್ರದೇಶವೆಂದು ಘೋಷಿಸಲಾಯಿತು. ಮುಂದಿನ ವರ್ಷಗಳಲ್ಲಿ ಸುಮಾರು 60,000 ಮಂದಿಯನ್ನು ಒಕ್ಕಲೆಬ್ಬಿಸಿ, ಚರ್ಚು ಮಸೀದಿಗಳಂಥ ಕೆಲವನ್ನುಳಿದು ಕಟ್ಟಡಗಳನ್ನು ಕೆಡವಲಾಯಿತು.

ಇಷ್ಟು ಎಲ್ಲರೂ ಬರೆದಿರುವುದೇ. ಗೊಂದಲವಿರುವುದು ಅಲ್ಲಿನ ಬದುಕಿನ ಬಗ್ಗೆ. ಸರಕಾರಿ ಕಡತಗಳಲ್ಲಿ ಅದು ಕೊಳೆಗೇರಿ, ಪುಂಡರ ತಾಣ. ನೆಲೆ ಕಳೆದುಕೊಂಡವರ ಮಾತಿನಲ್ಲಿ ಜಾತಿ ಮತದ ಭೇದವಿಲ್ಲದ ಅನ್ಯೋನ್ಯದ ಕೇರಿ. 1990ರ ದಶಕದ ಮೊದಲ ಭಾಗದಲ್ಲಿ ಕೇಪ್‌ಟೌನ್ ವಿಶ್ವವಿದ್ಯಾನಿಲಯದ ಪುರಾತತ್ವಜ್ಞರು ಹಾರ್ಸ್ಟ್‌ಲಿ ಬೀದಿಯನ್ನು ಅಗೆದಾಗ ಮನೆಗಳ ಅಡಿಪಾಯ, ಒಡೆದ ಪಿಂಗಾಣಿಯಂಥ ದಿನಬಳಕೆಯ ಚೂರುಪಾರು ಹೊರಬಂದವು. ನಿಧಿ ಎನ್ನುವಂಥದ್ದೇನೂ ಅಲ್ಲ. ಆದರೆ ಆ ಚೂರು ಯಾರ ಅಡುಗೆಮನೆಯದು ಎಂದು ಹೇಳಬಲ್ಲವರು ಇನ್ನೂ ಬದುಕಿದ್ದರು. ಹರಪ್ಪಾದ ಸಂಶೋಧಕರಿಗೆ ಈ ಭಾಗ್ಯವಿಲ್ಲ.

ಈ ಬೀದಿ ನೆನಪನ್ನೂ ತಿದ್ದಿತು. 1901ರಲ್ಲಿ ಪ್ಲೇಗಿನ ನೆಪದಲ್ಲಿ ಇಲ್ಲಿನ ಕರಿಯ ನಿವಾಸಿಗಳನ್ನು ಊರಾಚೆಯ ಶಿಬಿರಕ್ಕೆ, ಮುಂದೆ ಎನ್‌ಡಬೆನಿ ಎನಿಸಿದ ಜಾಗಕ್ಕೆ, ಅಟ್ಟಲಾಗಿತ್ತು. ಹೀಗಾಗಿ ಒಕ್ಕಲೆಬ್ಬಿಸುವಿಕೆ 1966ಕ್ಕೆ ಶುರುವಾಯಿತೆಂಬ ಬಳಕೆಯ ನಿರೂಪಣೆ ಅರ್ಧ ಸತ್ಯ. ಅನ್ಯೋನ್ಯದ ಚಿತ್ರದಿಂದ ಯಾರು ಹೊರಗುಳಿದಿದ್ದರು ಎಂಬ ಪ್ರಶ್ನೆಯೂ ಏಳುತ್ತದೆ.

1994ರ ಡಿಸೆಂಬರ್‌ನಲ್ಲಿ ಹಳೆಯ ಮೆಥಡಿಸ್ಟ್ ಚರ್ಚಿನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂ ತೆರೆಯಿತು. ಕೆಡವುವ ಕೆಲಸದಲ್ಲಿದ್ದವನೊಬ್ಬ ಬಚ್ಚಿಟ್ಟಿದ್ದ ಬೀದಿ ಫಲಕಗಳು ಅಲ್ಲಿ ತೂಗಿದವು. ನೆಲದ ಮೇಲೆ ಹಾಸಿದ ನಕ್ಷೆಯಲ್ಲಿ ಹಳೆಯ ನಿವಾಸಿಗಳು ತಮ್ಮ ಮನೆ ಇದ್ದ ಜಾಗದಲ್ಲಿ ಹೆಸರು ಬರೆದರು. ಚೆದುರಿಹೋದ ನೆರೆಹೊರೆಯವರು ಮತ್ತೆ ಕಲೆತದ್ದು ಇಲ್ಲಿಯೇ. ಭೂಮಿ ಮರಳಿಸುವ ಹೋರಾಟಕ್ಕೂ ಇದು ನೆಲೆಯಾಯಿತು. ಹೊಸದಾಗಿ ಕಟ್ಟಿಕೊಟ್ಟ ಮೊದಲ ಮನೆಗಳ ಬೀಗದ ಕೈ ಹಿರಿಯ ಹಕ್ಕುದಾರರಿಗೆ ಸಿಕ್ಕಿದ್ದು 2004ರಲ್ಲಿ.

ಅಗೆತ ಎಲ್ಲ ಕಡೆ ಒಗ್ಗಟ್ಟು ತರಲಿಲ್ಲ. 2003ರಲ್ಲಿ ಅದೇ ನಗರದ ಪ್ರೆಸ್ಟ್‌ವಿಚ್ ಬೀದಿಯಲ್ಲಿ ಕಟ್ಟಡಕ್ಕೆ ಪಾಯ ತೋಡುವಾಗ ಗುಲಾಮರೂ ಬಡವರೂ ಮಣ್ಣಾಗಿದ್ದ ಸ್ಮಶಾನ ಕಂಡಿತು. ಸಮುದಾಯದವರು ಬೇಡವೆಂದರೂ 2,500ಕ್ಕೂ ಹೆಚ್ಚು ಮಂದಿಯ ಅಸ್ಥಿಗಳನ್ನು ಹೊರತೆಗೆಯಲಾಯಿತು. ಅವನ್ನಿಟ್ಟ ಸ್ಮಾರಕದಲ್ಲಿ ಆಮೇಲೆ ಕಾಫಿ ಅಂಗಡಿಯೂ ಬಂತು. ಅದರ ಔಚಿತ್ಯದ ಬಗ್ಗೆ ತಕರಾರು ಎದ್ದಿತು.