ಆನಂದೀಬಾಯಿ ಹೊರಟದ್ದೇಕೆ?

ಹೆಣ್ಣುಗಂಡಿನ ಭೇದವನ್ನು ಮಾಡಿದ್ದು ನಿಸರ್ಗ; ಅದರ ಮೇಲೆ ಮರ್ಯಾದೆಯ ಗೋಡೆ ಎಬ್ಬಿಸಿದ್ದು ಸಮಾಜ. ಹೆರಿಗೆಯ ನೋವು ಮೊದಲನೆಯದಕ್ಕೆ ಸೇರಿದುದು. ಆ ನೋವಿನಲ್ಲಿಯೂ ಗಂಡಸೆಂಬ ಕಾರಣಕ್ಕೆ ವೈದ್ಯನಿಗೆ ನಾಡಿ ತೋರಿಸದೆ ಉಳಿಯುವುದು ಎರಡನೆಯದಕ್ಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಗೋಡೆ ಎಷ್ಟು ಜೀವಗಳನ್ನು ಬಲಿ ತೆಗೆದುಕೊಂಡಿತೋ, ಲೆಕ್ಕವಿಟ್ಟವರಿಲ್ಲ.

ಮಹಾರಾಷ್ಟ್ರದ ಆನಂದೀಬಾಯಿ ಜೋಶಿ ಹುಟ್ಟಿದ್ದು 1865ರಲ್ಲಿ. 9ನೆಯ ವಯಸ್ಸಿಗೆ ಮದುವೆ, 14ಕ್ಕೆ ತಾಯ್ತನ. ಮಗು ಕೆಲವೇ ದಿನಗಳಲ್ಲಿ ತೀರಿಕೊಂಡಿತು. 1883ರಲ್ಲಿ ಅಮೆರಿಕೆಯ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಪ್ರವೇಶ ಕೋರಿ ಬರೆದ ಪತ್ರದಲ್ಲಿ, ತನ್ನ ನಾಡಿನ ಹೆಂಗಸರು ಪುರುಷ ವೈದ್ಯನ ಚಿಕಿತ್ಸೆಗಿಂತ ಸಾವೇ ಲೇಸೆಂದು ಬಗೆಯುವರೆಂದು ಆಕೆ ತಿಳಿಸಿದಳು.

ತಾವು ಗಮನಿಸಬೇಕು: ಗೋಡೆಯನ್ನು ಕೆಡವುವ ಮಾತನ್ನು ಆಕೆ ಆಡಲಿಲ್ಲ, ಅದರ ಒಳಗೇ ಒಬ್ಬ ವೈದ್ಯೆಯನ್ನು ನಿಲ್ಲಿಸಬಯಸಿದಳು. ಸಮುದ್ರ ದಾಟಿದರೂ ಸೀರೆ ಬಿಡಲಿಲ್ಲ. ಇದನ್ನು ಅಂಜುಬುರುಕುತನವೆನ್ನುವವರಿರಬಹುದು, ನನಗೆ ಹಾಗೆನಿಸದು. ಹೆರಿಗೆಯ ಕೋಣೆಯಲ್ಲಿ ಸಾಯುತ್ತಿರುವವಳು ಸಮಾಜ ಸುಧಾರಿಸಲೆಂದು ಕಾದಾಳೆ? 1885ರಲ್ಲಿ ವೈಸ್‌ರಾಯ್ ಡಫರಿನ್ನರ ಪತ್ನಿ ಸ್ಥಾಪಿಸಿದ ನಿಧಿಯೂ ಹೆಂಗಸರಿಗೆ ಹೆಂಗಸರಿಂದಲೇ ಚಿಕಿತ್ಸೆ ಎಂಬ ಇದೇ ಹಾದಿಯನ್ನು ಹಿಡಿಯಿತು.

1886ರ ಮಾರ್ಚಿನಲ್ಲಿ ಪದವಿ ದೊರೆಯಿತು. ಪ್ರಬಂಧದ ವಿಷಯ, ಹಿಂದೂಗಳ ಪ್ರಸೂತಿಶಾಸ್ತ್ರ. ಕೊಲ್ಲಾಪುರದ ಆಸ್ಪತ್ರೆಯ ಸ್ತ್ರೀವಿಭಾಗ ಆಕೆಗಾಗಿ ಕಾದಿತ್ತು. ಆದರೆ ಊರಿಗೆ ಮರಳಿದ್ದು ಕ್ಷಯವನ್ನು ಹೊತ್ತ ಶರೀರ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ಆಕೆ ತೀರಿಕೊಂಡಾಗ 22 ತುಂಬಿರಲಿಲ್ಲ. ಚಿತಾಭಸ್ಮವನ್ನು ಅಮೆರಿಕೆಗೆ ಕಳುಹಿಸಿದರು. ಅಲ್ಲಿ ಆಕೆಯನ್ನು ಮಗಳಂತೆ ಕಂಡಿದ್ದ ಕಾರ್ಪೆಂಟರ್ ಮನೆಯವರು ಅದನ್ನು ತಮ್ಮ ಕುಟುಂಬದ ಸ್ಮಶಾನಭೂಮಿಯಲ್ಲಿ ಇರಿಸಿದರು.