ಪುತಳಿ ಸರದ ತಪ್ಪು ಅಕ್ಷರಗಳು

ಹಿಂಡಲಗಾದ ನಮ್ಮ ಮನೆಯಲ್ಲಿ ಆಯಿಯ ಪುತಳಿ ಸರ ಪೆಟ್ಟಿಗೆಯಿಂದ ಹೊರಗೆ ಬರುತ್ತಿದ್ದುದು ವರ್ಷಕ್ಕೆ ಎರಡೇ ಸಲ. ಗೌರಿ ಹಬ್ಬಕ್ಕೊಮ್ಮೆ, ದೀಪಾವಳಿಯ ಲಕ್ಷ್ಮೀಪೂಜೆಗೊಮ್ಮೆ. ಅದರಲ್ಲಿ 21 ಬಂಗಾರದ ಬಿಲ್ಲೆಗಳಿದ್ದವು. ಒಂದೊಂದರ ಮೇಲೂ ಒಬ್ಬರು ನಿಂತ, ಇನ್ನೊಬ್ಬರು ಮೊಣಕಾಲೂರಿದ ಚಿತ್ರ. ನಡುವೆ ಒಂದು ಕೋಲು. “ಅವರು ರಾಮ-ಸೀತಿ” ಎನ್ನುತ್ತಿದ್ದಳು ಆಯಿ. ನಾವು ಮಕ್ಕಳು ಕೈಮುಗಿಯುತ್ತಿದ್ದೆವು.

ತಂಗಿಯ ಮದುವೆಯಲ್ಲಿ ದುಡ್ಡಿನ ಅಡಚಣೆಯಾಯಿತು. ಅಪ್ಪ ಒಂಬತ್ತು ಬಿಲ್ಲೆ ಬಿಚ್ಚಿಕೊಂಡು ಪೇಟೆಯ ಪತ್ತಾರರೊಬ್ಬರಲ್ಲಿಗೆ ಹೋದರು. ಜೊತೆಗೆ ನಾನೂ ಇದ್ದೆ. ಅವರು ಒರೆಗಲ್ಲಿಗೆ ತಿಕ್ಕಿ, ಭೂತಗನ್ನಡಿ ಹಿಡಿದು ನೋಡಿ, “ಬಂಗಾರ ಚಲೋ ಐತ್ರಿ. ಆದ್ರ ಅಕ್ಷರ ಎಲ್ಲಾ ತಪ್ಪ್ಯಾವು, ಖರೇ ನಾಣ್ಯ ಅಲ್ಲ ಇವು. ಇಟ್ಕೊಂಡು ಏನ್ ಮಾಡ್ತೀರಿ?” ಎಂದರು. ನಮ್ಮೆದುರಿಗೇ ಒಂಬತ್ತೂ ಮೂಸೆಯಲ್ಲಿ ಕರಗಿದವು. ನನಗೆ ದುಃಖಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು. ಆಯಿ ಜೀವಮಾನವಿಡೀ ಖೋಟಾ ನಾಣ್ಯ ಕೊರಳಿಗೆ ಹಾಕಿಕೊಂಡಿದ್ದಳೇ!

ಎಷ್ಟೋ ವರ್ಷಗಳ ಮೇಲೆ, ನಾಣ್ಯಗಳ ಪುಸ್ತಕವೊಂದರಲ್ಲಿ ಅದೇ ರಾಮ-ಸೀತೆಯರನ್ನು ಕಂಡೆ. ಅವರು ಇಟಲಿಯ ವೆನಿಸ್ ನಗರದವರು! ನಿಂತವನು ಸಂತ ಮಾರ್ಕ, ಮೊಣಕಾಲೂರಿದವನು ಆ ನಗರದ ಅಧಿಪತಿ ಡೋಜ್, ನಡುವಿನ ಕೋಲು ಧ್ವಜದ್ದು. ಹಿಂಬದಿಯಲ್ಲಿ ನಕ್ಷತ್ರಗಳ ನಡುವೆ ಕ್ರಿಸ್ತ. ಇದೇ ಡುಕಾಟ್. 1284ರಲ್ಲಿ ಮೊದಲು ಟಂಕಿಸಿದ ಈ ನಾಣ್ಯದ ತೂಕ ಸುಮಾರು ಮೂರೂವರೆ ಗ್ರಾಂ, ಬಂಗಾರ ಹೆಚ್ಚುಕಡಿಮೆ ಅಪ್ಪಟ. 1797ರಲ್ಲಿ ನೆಪೋಲಿಯನ್ನನ ಮುಂದೆ ವೆನಿಸ್ ಗಣರಾಜ್ಯ ಬೀಳುವವರೆಗೆ, ಐನೂರು ವರ್ಷ ಅದರ ತೂಕವೂ ಶುದ್ಧತೆಯೂ ಕೆಡಲಿಲ್ಲ. ಮೆಣಸು, ಮಸಾಲೆಗಳ ಬೆಲೆಯಾಗಿ ಅದು ಕೆಂಪು ಸಮುದ್ರ ದಾಟಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಗೊಂಬೆ ಇದ್ದ ನಾಣ್ಯವಾದ್ದರಿಂದ ‘ಪುತಳಿ’ಯಾಯಿತು, ಹೆಂಗಸರ ಕೊರಳೇರಿತು.

ಕೊರಳು ಬಹಳ, ನಾಣ್ಯ ಕಡಿಮೆ. ಆಗ ನಮ್ಮ ಅಕ್ಕಸಾಲಿಗರೇ ಅಚ್ಚು ಕೆತ್ತಿದರು. ಲ್ಯಾಟಿನ್ ಅಕ್ಷರ ಅವರಿಗೇನು ಗೊತ್ತು? ಕಂಡಂತೆ ಕೆತ್ತಿದರು. ಆ ನಕಲನ್ನು ನೋಡಿ ಇನ್ನೊಬ್ಬರು ಕೆತ್ತಿದರು. ಹೀಗೆ ಅಕ್ಷರಗಳು ತಲೆಕೆಳಗಾಗಿ, ಕೊನೆಗೆ ಬರಿಯ ಗೆರೆ-ಚುಕ್ಕೆಗಳಾಗಿ ಉಳಿದವು.

ಟಂಕಸಾಲೆಯ ತಪ್ಪಿನ ರೀತಿ ಬೇರೆ. 1911ರಲ್ಲಿ ಐದನೆಯ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ ಬಂದಾಗ, ದೊರೆಯ ನಿಲುವಂಗಿಯ ಮೇಲಿನ ಆನೆ ಜನರ ಕಣ್ಣಿಗೆ ಹಂದಿಯಾಗಿ ಕಂಡಿತು. ದೊಡ್ಡ ಗದ್ದಲವಾಯಿತು. 1912ರಲ್ಲಿ ಸರಕಾರ ಅಚ್ಚು ತಿದ್ದಿತು. ಆ ‘ಹಂದಿ ರೂಪಾಯಿ’ಯನ್ನು ಸಂಗ್ರಾಹಕರು ಇಂದಿಗೂ ಹುಡುಕುತ್ತಾರೆ. ನಮ್ಮ ಪುತಳಿಯ ತಪ್ಪನ್ನು ಮಾತ್ರ ಯಾರೂ ತಿದ್ದಲಿಲ್ಲ. ಓದುವವರಿರಲಿಲ್ಲ, ತೂಕ, ಬಣ್ಣ ಸರಿಯಿದ್ದರೆ ಆಯಿಯಂಥವರಿಗೆ ಸಾಕಾಗಿತ್ತು. ಕೊಂಡಿ ಬೆಸೆದ ನಾಣ್ಯಕ್ಕೆ ಸಂಗ್ರಾಹಕರು ಹೆಚ್ಚಿನ ಬೆಲೆ ಕೊಡುವುದಿಲ್ಲವೆಂಬುದೂ ನಿಜವೇ. ಆದರೆ ಆ ಕೊಂಡಿ ಇಲ್ಲದಿದ್ದರೆ ಅದು ನಮ್ಮ ಮನೆಯಲ್ಲಿ ಇರುತ್ತಿತ್ತೇ?

ಮೊನ್ನೆ ಮಗಳ ಮದುವೆಯ ಮಾತು ಬಂತು. “ಇವನ್ನ ಕರಗಿಸಿ ಹೊಸಾ ನೆಕ್ಲೇಸ್ ಮಾಡಿಸೂಣು, ಅವ್ವಾ” ಎಂದಳು. ನಾನು ಬೇಡವೆನ್ನಲಿಲ್ಲ. ಉಳಿದ 12 ಬಿಲ್ಲೆ ಹಾಸಿ ಕೈಗೆ ಭೂತಗನ್ನಡಿ ಕೊಟ್ಟೆ. ಒಂದರಲ್ಲಿ ಅಕ್ಷರ ತಲೆಕೆಳಗು, ಇನ್ನೊಂದರಲ್ಲಿ ಬರಿಯ ಗೆರೆ, ಮತ್ತೊಂದರಲ್ಲಿ ಡೋಜ್‌ನ ಟೊಪ್ಪಿಗೆ ನಮ್ಮ ರುಮಾಲಿನಂತೆ! ಅವಳು ಬಹಳ ಹೊತ್ತು ನೋಡಿದಳು, ನಕ್ಕಳು, ಒಂದೊಂದಾಗಿ ತಿರುಗಿಸಿದಳು.

ನೀವೂ ನಿಮ್ಮ ಪೆಟ್ಟಿಗೆಯ ಪುತಳಿಯನ್ನು ಕರಗಿಸುವ ಮುಂಚೆ ಒಮ್ಮೆ ಹೀಗೆ ನೋಡಿರಿ. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿರಿ, ಅಚ್ಚು ಸವೆದೀತು.

ಮಗಳು ಸರವನ್ನು ಹಾಗೇ ಉಳಿಸಿಕೊಂಡಳು. ಹೋದ ಒಂಬತ್ತರ ಜಾಗದಲ್ಲಿ ಒಂಬತ್ತು ಹವಳ ಪೋಣಿಸಿದ್ದೇವೆ.