ದೊಡ್ಡ ಕಂಪನಿ ಸ್ಟಾರ್ಟಪ್ ಕೊಂಡಾಗ ನಿಜಕ್ಕೂ ಕೊಳ್ಳೋದು ಏನನ್ನ?

ಬೆಂಗಳೂರಿನ ಯಾವುದೋ ಸ್ಟಾರ್ಟಪ್ ಕೋಟಿಗಟ್ಟಲೆಗೆ ಮಾರಾಟವಾಯ್ತು ಅಂತ ಸುದ್ದಿ ಬಂದಾಗ ನಾವು ಮೊದಲು ನೋಡೋದು ಮೊತ್ತವನ್ನ. ನೋಡಬೇಕಾದದ್ದು ಬೇರೆ: ಎರಡು ವರ್ಷದ ನಂತರ ಆ ಸೇವೆ ಬದುಕಿದೆಯಾ? ಉತ್ತರ ಖರೀದಿಯ ಉದ್ದೇಶದಲ್ಲೇ ಇರುತ್ತೆ. ಅಂಥ ಉದ್ದೇಶಗಳು ಮುಖ್ಯವಾಗಿ ಮೂರು.

ಒಂದು, ಜನ. 2014ರ ಜನವರಿಯಲ್ಲಿ ಫೇಸ್‌ಬುಕ್ ಬೆಂಗಳೂರಿನ ಲಿಟಲ್ ಐ ಲ್ಯಾಬ್ಸ್ ಅನ್ನು ಕೊಂಡಿತು. ಭಾರತದಲ್ಲಿ ಅದರ ಮೊದಲ ಖರೀದಿ ಇದು. ಆಂಡ್ರಾಯ್ಡ್ ಆ್ಯಪ್‌ಗಳು ಎಷ್ಟು ಬ್ಯಾಟರಿ, ಮೆಮೊರಿ ತಿನ್ನುತ್ತವೆ ಎಂದು ಅಳೆಯುವ ಟೂಲ್ ಕಟ್ಟಿದ್ದ ಪುಟ್ಟ ತಂಡ ಕ್ಯಾಲಿಫೋರ್ನಿಯಾಕ್ಕೆ ಹೋಯಿತು. ಅಂಥ ಎಂಜಿನಿಯರುಗಳನ್ನು ಒಬ್ಬೊಬ್ಬರಾಗಿ ಹುಡುಕಿ ತಂಡ ಕಟ್ಟೋದಕ್ಕೆ ವರ್ಷಗಳು ಬೇಕು. ಕೊಂಡರೆ ಆ ಸಮಯ ಉಳಿಯುತ್ತೆ.

ಎರಡು, ಮಾರುಕಟ್ಟೆ. ಅದೇ ವರ್ಷ ಫ್ಲಿಪ್‌ಕಾರ್ಟ್ ಮಿಂತ್ರಾವನ್ನು ಕೊಂಡಿತು. ಬಟ್ಟೆ ಕೊಳ್ಳುವ ಗ್ರಾಹಕರು ಒಂದೇ ಏಟಿಗೆ ಸಿಕ್ಕರು. ಮಿಂತ್ರಾ ಹೆಸರೂ ಉಳಿಯಿತು. 2018ರಲ್ಲಿ ವಾಲ್‌ಮಾರ್ಟ್ ಅದೇ ಫ್ಲಿಪ್‌ಕಾರ್ಟ್‌ನ ಸುಮಾರು ಶೇ 77 ಪಾಲನ್ನು 1,600 ಕೋಟಿ ಡಾಲರ್‌ಗೆ ಕೊಂಡು ಭಾರತದ ಆನ್‌ಲೈನ್ ಮಾರುಕಟ್ಟೆಗೆ ಕಾಲಿಟ್ಟಿತು.

ಮೂರು, ಪೈಪೋಟಿ. 2011ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಟ್ಯಾಕ್ಸಿಫಾರ್‌ಶೂರ್, ನ್ಯಾನೊ ಕಾರನ್ನೂ ಟ್ಯಾಕ್ಸಿಯಾಗಿ ಓಡಿಸಿ ದರ ಇಳಿಸಿತ್ತು. 2015ರ ಮಾರ್ಚ್‌ನಲ್ಲಿ ಓಲಾ ಅದನ್ನು 20 ಕೋಟಿ ಡಾಲರ್‌ಗೆ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 1,200 ಕೋಟಿ ರೂಪಾಯಿಗೆ ಕೊಂಡಿತು. 2016ರ ಆಗಸ್ಟ್‌ನಲ್ಲಿ ಸೇವೆ ಬಂದ್. ನೂರಾರು ಮಂದಿ ಕೆಲಸ ಕಳೆದುಕೊಂಡರು. ಪ್ರಯಾಣಿಕರಿಗೂ ಚಾಲಕರಿಗೂ ಇದ್ದ ಆಯ್ಕೆಗಳಲ್ಲಿ ಒಂದು ಕಡಿಮೆಯಾಯ್ತು.

ಹಾಗಂತ ಮಾರೋದೇ ತಪ್ಪು ಅಂತಲ್ಲ. ಹೂಡಿಕೆದಾರರಿಗೆ ದುಡ್ಡು ವಾಪಸ್ ಬಂದರೆ ತಾನೆ ಮುಂದಿನ ಸ್ಟಾರ್ಟಪ್‌ಗೆ ಹಾಕೋದು? ಟ್ಯಾಕ್ಸಿಫಾರ್‌ಶೂರ್ ಸ್ಥಾಪಕರಲ್ಲಿ ಒಬ್ಬರಾದ ಅಪ್ರಮೇಯ ರಾಧಾಕೃಷ್ಣ ಮುಂದೆ 'ಕೂ' ಆ್ಯಪ್ ಕಟ್ಟಿದರು. ಪ್ರಶ್ನೆ ಇರೋದು ಮೂರನೇ ಬಗೆಯ ಖರೀದಿಯಲ್ಲಿ: ಬಳಕೆದಾರರ ಪರವಾಗಿ ಯಾರು ನೋಡ್ತಾರೆ?

ಆ ಕೆಲಸ ಭಾರತೀಯ ಸ್ಪರ್ಧಾ ಆಯೋಗದ್ದು. ಆದರೆ ಯಾವ ಖರೀದಿಗೆ ಅದರ ಅನುಮತಿ ಬೇಕು ಅನ್ನೋದು ಬಹುಕಾಲ ಆಸ್ತಿ ಮತ್ತು ವಹಿವಾಟಿನ ಮೇಲೆ ನಿಂತಿತ್ತು. ಸ್ಟಾರ್ಟಪ್‌ಗಳ ಬಳಿ ಎರಡೂ ಕಡಿಮೆ. ಇರೋದು ಬಳಕೆದಾರರು, ಡೇಟಾ, ಐಡಿಯಾ. ಅದಕ್ಕೇ 2023ರ ತಿದ್ದುಪಡಿ ಹೊಸ ಅಳತೆಗೋಲು ತಂದಿತು. 2024ರ ಸೆಪ್ಟೆಂಬರ್ 10ರಿಂದ, ಒಪ್ಪಂದದ ಮೌಲ್ಯ 2,000 ಕೋಟಿ ರೂಪಾಯಿ ದಾಟಿದ್ದು, ಮಾರಾಟವಾಗುವ ಕಂಪನಿಗೆ ಭಾರತದಲ್ಲಿ ಗಣನೀಯ ವ್ಯವಹಾರ ಇದ್ದರೆ ಆಯೋಗದ ಒಪ್ಪಿಗೆ ಬೇಕು.

ಈಗ ಲೆಕ್ಕ ಹಾಕಿ. ಟ್ಯಾಕ್ಸಿಫಾರ್‌ಶೂರ್ ಮಾರಾಟವಾಗಿದ್ದು ಸುಮಾರು 1,200 ಕೋಟಿಗೆ. ಅಂಥದ್ದೇ ಒಪ್ಪಂದ ಇವತ್ತು ನಡೆದರೂ ಈ ಹೊಸ ಮಿತಿಯೊಳಗೇ ನುಸುಳಿಹೋಗುತ್ತೆ.